ಮೊಬೈಲ್ ಫೋನಿನ ಸುಂಕ ಏರಿಸಿದ ಸರ್ಕಾರವೇ ಅದನ್ನು ಇಳಿಸಿದ್ದು ಯಾಕೆ?

ನಿಮ್ಮ ಪ್ರಶ್ನೆ ಇದು: ಫೋನ್ ಇಲ್ಲೇ ತಯಾರಾಗಲಿ ಎಂದು 2018ರಲ್ಲಿ ಆಮದು ಸುಂಕವನ್ನು ಶೇ 20ಕ್ಕೆ ಏರಿಸಿದ ಸರ್ಕಾರ 2024ರಲ್ಲಿ ತಾನೇ ಅದನ್ನು ಶೇ 15ಕ್ಕೆ ಇಳಿಸಿತು, ಬಿಡಿಭಾಗಗಳ ಸುಂಕವನ್ನೂ ಕಡಿಮೆ ಮಾಡಿತು. ಹಾಗಾದರೆ ಮೊದಲಿನ ನೀತಿಯೇ ತಪ್ಪಾಗಿತ್ತೇ? ಸುಂಕ ಇಳಿದದ್ದರಿಂದ ನಮಗೆ ಫೋನ್ ಅಗ್ಗವಾಗುತ್ತದೆಯೇ?

ಪೂರ್ತಿ ತಪ್ಪು ಎನ್ನಲಾರೆ. ಜೋಡಣೆ ಕಾರ್ಖಾನೆಗಳನ್ನು ಕರೆತರುವ ಹಂತದಲ್ಲಿ ಕೆಲಸಕ್ಕೆ ಬಂದ ಸುಂಕ, ರಫ್ತಿನ ಹಂತಕ್ಕೆ ಬಂದಾಗ ನಮ್ಮದೇ ಕಾಲಿಗೆ ತೊಡರಿತು. ಇದನ್ನು ವಾದದಿಂದ ಅರ್ಥಮಾಡಿಕೊಳ್ಳುವುದಕ್ಕಿಂತ ಲೆಕ್ಕ ಹಾಕಿ ನೋಡುವುದು ಸುಲಭ.

ಹೊರದೇಶದಲ್ಲಿ ತಯಾರಾದ ಫೋನೊಂದು ನಮ್ಮಲ್ಲಿಗೆ 10,000 ರೂಪಾಯಿಗೆ ಬಂದಿಳಿಯುತ್ತದೆ ಎಂದುಕೊಳ್ಳಿ. ಅದೇ ಫೋನನ್ನು ಇಲ್ಲಿ ಜೋಡಿಸುವವನು 8,500 ರೂಪಾಯಿಯ ಬಿಡಿಭಾಗ ತರಿಸುತ್ತಾನೆ. ಉಳಿದ 1,500 ರೂಪಾಯಿಯಲ್ಲಿ ಅವನ ಸಂಬಳದ ಖರ್ಚು, ಕರೆಂಟು, ಯಂತ್ರದ ಸವಕಳಿ, ಬಡ್ಡಿ, ಲಾಭ ಎಲ್ಲವೂ ಸೇರಬೇಕು. ಇವು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡ ಅಂಕಿ. ಸರ್ಚಾರ್ಜ್, ಜಿಎಸ್‌ಟಿ ಬದಿಗಿಟ್ಟಿದ್ದೇನೆ.

ಫೋನಿಗೆ ಶೇ 20 ಸುಂಕ, ಬಿಡಿಭಾಗಕ್ಕೆ ಸೊನ್ನೆ ಎಂದಾದರೆ ವಿದೇಶಿ ಫೋನ್ 12,000 ಆಗುತ್ತದೆ. ಇಲ್ಲಿಯವನೂ ಅದೇ ಬೆಲೆಗೆ ಮಾರಬಹುದು. 8,500 ಕಳೆದರೆ ಅವನ ಕೈಯಲ್ಲಿ 3,500 ಉಳಿಯುತ್ತದೆ. 1,500ರ ಕೆಲಸಕ್ಕೆ 3,500 ಸಿಕ್ಕಿತು. ಅಂದರೆ ಹೆಸರಿಗೆ ಶೇ 20 ಇರುವ ಸುಂಕ ಜೋಡಣೆಯ ಕೆಲಸಕ್ಕೆ ಕೊಟ್ಟ ನಿಜವಾದ ರಕ್ಷಣೆ ಶೇ 133. ಈಗ ಬಿಡಿಭಾಗಕ್ಕೆ ಶೇ 10 ಸುಂಕ ಹಾಕಿ. 850 ರೂಪಾಯಿ ಹೆಚ್ಚು ಖರ್ಚು, ಕೈಯಲ್ಲಿ 2,650. ರಕ್ಷಣೆ ಶೇ 77ಕ್ಕೆ ಇಳಿಯಿತು, ಆದರೂ ಧಾರಾಳ.

ಅದೇ ಫೋನನ್ನು ಅವನು ದುಬೈಗೋ ಅಮೆರಿಕಕ್ಕೋ ಕಳಿಸಲಿ. ಅಲ್ಲಿನ ಗಿರಾಕಿ ನಮ್ಮ ಶೇ 20 ಸುಂಕಕ್ಕೆ ಕಾಸೂ ಕೊಡುವುದಿಲ್ಲ. ಅವನಿಗೆ ಸಿಗುವುದು ಜಗತ್ತಿನ ಬೆಲೆ, 10,000. ಬಿಡಿಭಾಗಕ್ಕೆ ಸುಂಕ ಸೇರಿ 9,350 ಹೋಯಿತು. ಉಳಿದದ್ದು 650. ಚೀನಾದಲ್ಲೋ ವಿಯೆಟ್ನಾಂನಲ್ಲೋ ಸುಂಕವಿಲ್ಲದೆ ಬಿಡಿಭಾಗ ಪಡೆಯುವವನಿಗೆ ಅದೇ ಕೆಲಸಕ್ಕೆ 1,500 ಸಿಗುತ್ತದೆ. ಬಿಡಿಭಾಗದ ಮೇಲಿನ ಶೇ 10 ಸುಂಕ ನಮ್ಮ ರಫ್ತುದಾರನ ಗಳಿಕೆಯ ಮೇಲೆ ಶೇ 57ರ ತೆರಿಗೆಯಾಗಿ ಕೂತಿತು. ಮೌಲ್ಯವರ್ಧನೆ, ಅಂದರೆ ಬಿಡಿಭಾಗದ ಬೆಲೆಯ ಮೇಲೆ ಇಲ್ಲಿ ಸೇರುವ ಬೆಲೆ, ಕಡಿಮೆ ಇದ್ದಷ್ಟೂ ಈ ಏಟು ಜೋರಾಗುತ್ತದೆ.

ಜಾಗತಿಕ ಮೌಲ್ಯ ಸರಪಳಿ ಎನ್ನುವುದು ವ್ಯಾಪಾರ ನೀತಿಯನ್ನು ಬದಲಿಸುತ್ತಿರುವುದು ಮುಖ್ಯವಾಗಿ ಇಲ್ಲಿ. ಒಂದು ವಸ್ತು ಪೂರ್ತಿ ಒಂದೇ ದೇಶದಲ್ಲಿ ತಯಾರಾಗುತ್ತಿದ್ದಾಗ ಸುಂಕದ ಭಾರ ಪರದೇಶದವನ ಮೇಲೆ ಬೀಳುತ್ತಿತ್ತು, ಇಲ್ಲವೇ ನಮ್ಮ ಗ್ರಾಹಕನ ಮೇಲೆ. ಚಿಪ್ ತೈವಾನ್‌ನಿಂದ, ಪರದೆ ಕೊರಿಯಾ ಅಥವಾ ಚೀನಾದಿಂದ, ಕ್ಯಾಮೆರಾ ಸೆನ್ಸರ್ ಜಪಾನಿನಿಂದ ಬಂದು ಕೋಲಾರದಲ್ಲಿ ಸೇರಿಕೊಂಡು ಮತ್ತೆ ಹೊರಗೆ ಹೋಗುವಾಗ, ಆಮದಿನ ಮೇಲೆ ಹಾಕಿದ ಸುಂಕ ರಫ್ತಿನ ಮೇಲೆ ಬಂದು ಕೂರುತ್ತದೆ.

ಸುಂಕ ಏರಿದ ಕತೆಗೂ ಹಿನ್ನೆಲೆ ಇದೆ. 1997ರಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿ ಕಂಪ್ಯೂಟರ್, ದೂರಸಂಪರ್ಕ ಉಪಕರಣಗಳ ಸುಂಕವನ್ನು ಹಂತಹಂತವಾಗಿ ಸೊನ್ನೆಗೆ ತರಲು ಒಪ್ಪಿತ್ತು. ಹಾಗಾಗಿ 2015ರ ಬಜೆಟ್‌ನಲ್ಲಿ ಸರ್ಕಾರ ಸುಂಕ ಮುಟ್ಟದೆ ಎಕ್ಸೈಸ್‌ನಲ್ಲಿ ದಾರಿ ಹುಡುಕಿತು: ಇಲ್ಲಿ ಜೋಡಿಸಿದ ಫೋನಿಗೆ, ಬಿಡಿಭಾಗದ ಮೇಲೆ ಕಟ್ಟಿದ ತೆರಿಗೆಯ ಕ್ರೆಡಿಟ್ ಪಡೆಯದಿದ್ದರೆ, ಶೇ 1 ಎಕ್ಸೈಸ್ (ದೇಶದೊಳಗಿನ ತಯಾರಿಕೆಯ ತೆರಿಗೆ), ಆಮದಾದ ಫೋನಿಗೆ ಎಕ್ಸೈಸ್‌ಗೆ ಬದಲಾಗಿ ಹಾಕುವ ಶೇ 12.5 ಸಮಾನಾಂತರ ಸುಂಕ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಎಕ್ಸೈಸ್ ಹೋಯಿತು, ಅದರ ಜೊತೆ ಈ ಅಂತರವೂ ಹೋಯಿತು. ಅದೇ ದಿನ ಫೋನಿಗೆ ಶೇ 10 ಮೂಲ ಸುಂಕ ಬಿತ್ತು. ಡಿಸೆಂಬರ್‌ನಲ್ಲಿ 15, ಮರುವರ್ಷದ ಬಜೆಟ್‌ನಲ್ಲಿ 20.

ಇದರ ಪಕ್ಕದಲ್ಲೇ ಹಂತಹಂತದ ತಯಾರಿಕಾ ಕಾರ್ಯಕ್ರಮ ನಡೆಯಿತು. ಮೊದಲ ವರ್ಷ ಚಾರ್ಜರ್, ಬ್ಯಾಟರಿ ಪ್ಯಾಕ್, ಹೆಡ್‌ಸೆಟ್. ಆಮೇಲೆ ಕೀಪ್ಯಾಡ್, ಯುಎಸ್‌ಬಿ ಕೇಬಲ್, ಪ್ಲಾಸ್ಟಿಕ್-ಲೋಹದ ಭಾಗಗಳು. ಮೂರನೆಯ ವರ್ಷ ಪಿಸಿಬಿಎ (ಚಿಪ್‌ಗಳನ್ನು ಬೆಸೆದು ಸಿದ್ಧವಾದ ಬೋರ್ಡ್), ಕ್ಯಾಮೆರಾ ಮಾಡ್ಯೂಲ್. ಕೊನೆಗೆ ಪರದೆ, ಟಚ್ ಪ್ಯಾನೆಲ್. ಪ್ರತಿ ಹಂತದಲ್ಲೂ ಆಯಾ ಭಾಗಕ್ಕೆ ಸುಂಕ ಹಾಕಿ, ಅದರ ತಯಾರಿಕೆ ಇಲ್ಲಿಗೆ ಬರಲಿ ಎನ್ನುವ ಲೆಕ್ಕಾಚಾರ. ಚಾರ್ಜರ್, ಬ್ಯಾಟರಿ ಪ್ಯಾಕ್ ಬಂದವು. ಬೋರ್ಡಿಗೆ ಚಿಪ್ ಕೂರಿಸುವ ಎಸ್‌ಎಂಟಿ ಲೈನ್‌ಗಳೂ ಬಂದವು. ಪರದೆಯ ಗಾಜು, ಚಿಪ್ ಮಾತ್ರ ಬರಲಿಲ್ಲ. ಪರದೆ ತಯಾರಿಸುವ ಕಾರ್ಖಾನೆ (ಡಿಸ್‌ಪ್ಲೇ ಫ್ಯಾಬ್) ಒಂದಕ್ಕೆ ಹತ್ತಾರು ಸಾವಿರ ಕೋಟಿ ಬಂಡವಾಳ ಬೇಕು. ಶೇ 10 ಸುಂಕಕ್ಕೆ ಆಸೆಪಟ್ಟು ಅಂಥ ದುಡ್ಡು ಹೂಡುವವರು ಯಾರೂ ಇಲ್ಲ.

ಇಂಥ ಸುಂಕ ಕಾರ್ಖಾನೆಯ ಬಾಗಿಲಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ಪರದೆಯ ಉದಾಹರಣೆಯೇ ಸಾಕು. 2020ರ ಅಕ್ಟೋಬರ್‌ನಿಂದ ಡಿಸ್‌ಪ್ಲೇ ಅಸೆಂಬ್ಲಿಗೆ ಶೇ 10 ಸುಂಕ ಇತ್ತು, ಇತರ ಯಾಂತ್ರಿಕ ಭಾಗಗಳಿಗೆ ಶೇ 15. ಆದರೆ ಪರದೆ ಒಂಟಿಯಾಗಿ ಬರುವುದಿಲ್ಲ, ಹಿಂಬದಿಯಲ್ಲಿ ಆಧಾರದ ಚೌಕಟ್ಟು ಅಂಟಿಕೊಂಡೇ ಬರುತ್ತದೆ. ಅದು ಪರದೆಯ ಭಾಗವೋ, ಬೇರೆ ಭಾಗವೋ? ಕಸ್ಟಮ್ಸ್‌ಗೂ ಆಮದುದಾರರಿಗೂ ಇದೇ ಜಗಳ. 2022ರ ಆಗಸ್ಟ್‌ನಲ್ಲಿ ಪರೋಕ್ಷ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿ ಬಗೆಹರಿಸಿತು: ಲೋಹ ಅಥವಾ ಪ್ಲಾಸ್ಟಿಕ್ಕಿನ ಬರೀ ಚೌಕಟ್ಟು ಅಂಟಿದ್ದರೆ ಇಡೀ ಅಸೆಂಬ್ಲಿಗೆ ಶೇ 10. ಚೌಕಟ್ಟು ಬಿಡಿಯಾಗಿ ಬಂದರೆ ಶೇ 15. ಚೌಕಟ್ಟಿನ ಮೇಲೆ ಸಿಮ್ ಟ್ರೇ, ಆಂಟೆನಾ ಪಿನ್, ಸ್ಪೀಕರ್ ಜಾಲರಿ, ಪವರ್ ಕೀ ಇಂಥದ್ದೊಂದು ಕೂತಿದ್ದರೂ ಇಡೀ ಪರದೆಗೆ ಶೇ 15! ನಾಲ್ಕಾಣೆಯ ಜಾಲರಿ ಇದ್ದರೆ ಸಾವಿರಾರು ರೂಪಾಯಿಯ ಪರದೆಯ ಸುಂಕವೇ ಬದಲಾಗುತ್ತಿತ್ತು. ಕಂಪನಿಗಳು ವಿನ್ಯಾಸ ನೋಡಿ ಬಿಡಿಭಾಗ ತರಿಸುವ ಬದಲು ಸುತ್ತೋಲೆ ನೋಡಿ ತರಿಸುವ ಪರಿಸ್ಥಿತಿ. 2024ರ ಜನವರಿ 30ರಂದು ಬ್ಯಾಟರಿ ಕವರ್, ಸಿಮ್ ಸಾಕೆಟ್, ಸ್ಕ್ರೂ ಮುಂತಾದ ಲೋಹ-ಪ್ಲಾಸ್ಟಿಕ್ ಭಾಗಗಳ ಸುಂಕವನ್ನು 15ರಿಂದ 10ಕ್ಕೆ ಇಳಿಸಿದ ಮೇಲೆ ಈ ಬಗೆಯ ತಕರಾರಿನ ಬುಡವೇ ಹೋಯಿತು. ದರ ಕಡಿಮೆಯಾದದ್ದಕ್ಕಿಂತ ದರಗಳು ಸಮವಾದದ್ದು ಹೆಚ್ಚು ಉಪಕಾರ ಎಂಬುದು ನನ್ನ ಅಭಿಪ್ರಾಯ.

ರಫ್ತು ಮಾಡಿದರೆ ಸುಂಕ ವಾಪಸ್ ಸಿಗುತ್ತದಲ್ಲ ಎಂದು ನೀವು ಕೇಳಬಹುದು. ಸಿಗುತ್ತದೆ, ಆದರೆ ದಾರಿ ಸಲೀಸಲ್ಲ. ಅಡ್ವಾನ್ಸ್ ಆಥರೈಸೇಶನ್ ಎಂಬ ಮುಂಗಡ ಪರವಾನಗಿ ಪಡೆದರೆ ಬಿಡಿಭಾಗವನ್ನು ಸುಂಕವಿಲ್ಲದೆ ತರಬಹುದು. ಆಮದಿಗೆ 12 ತಿಂಗಳು, ರಫ್ತು ಪೂರೈಸಲು 18 ತಿಂಗಳು ಅವಕಾಶ. ಸಾಮಾನ್ಯ ನಿಯಮದ ಪ್ರಕಾರ ಕನಿಷ್ಠ ಶೇ 15 ಮೌಲ್ಯವರ್ಧನೆ ಇರಬೇಕು, ಅದನ್ನು ಆಮದಿನ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ. ನಮ್ಮ ಉದಾಹರಣೆಯಲ್ಲಿ 8,500ರ ಮೇಲೆ 1,500, ಅಂದರೆ ಶೇ 17.6, ಹೇಗೋ ಪಾಸು. ಡಾಲರ್ ಏರಿಯೋ ಮೆಮೊರಿ ಚಿಪ್ ದುಬಾರಿಯಾಗಿಯೋ ಬಿಡಿಭಾಗ 8,800 ಆಗಿ ಫೋನಿನ ಬೆಲೆ ಅಲ್ಲೇ ನಿಂತರೆ ಶೇ 13.6, ಫೇಲು. ಇದರ ಮೇಲೆ ಪ್ರತಿ ಬಿಡಿಭಾಗದ ಸಂಖ್ಯೆ, ಬಳಕೆ ಪ್ರಮಾಣ, ಹಾಳಾದದ್ದರ ಲೆಕ್ಕ ತಾಳೆಯಾಗಬೇಕು.

ಇನ್ನೊಂದು ದಾರಿ ಕಾರ್ಖಾನೆಯನ್ನೇ ಕಸ್ಟಮ್ಸ್ ಬಾಂಡ್ ಉಗ್ರಾಣವಾಗಿ, ಅಂದರೆ ಸುಂಕ ಕಟ್ಟದೆ ಆಮದು ಸರಕು ಇಟ್ಟುಕೊಳ್ಳಬಹುದಾದ ಜಾಗವಾಗಿ, ನೋಂದಾಯಿಸುವುದು. 2019ರ ನಿಯಮಗಳ ನಂತರ ಇದು ಸಾಕಷ್ಟು ಸುಲಭವಾಗಿದೆ. ಸುಂಕದ ಮೂರು ಪಟ್ಟು ಮೊತ್ತಕ್ಕೆ ಬಾಂಡ್ ಬರೆದುಕೊಡಬೇಕು, ಬಂದ-ಹೋದ ಸರಕಿಗೆಲ್ಲ ಡಿಜಿಟಲ್ ದಾಖಲೆ ಇಡಬೇಕು. ಅದಕ್ಕೆ ಪ್ರತಿಯಾಗಿ ಬಿಡಿಭಾಗ, ಯಂತ್ರ ಎರಡರ ಸುಂಕವೂ ಬಡ್ಡಿಯಿಲ್ಲದೆ ಮುಂದಕ್ಕೆ ಹೋಗುತ್ತದೆ. ರಫ್ತಾದರೆ ಬಿಡಿಭಾಗಕ್ಕೆ ಸುಂಕವೇ ಇಲ್ಲ. ದೇಶದೊಳಗೆ ಮಾರಿದರೆ ಆ ಫೋನಿಗೆ ಬಳಸಿದ ಬಿಡಿಭಾಗದ ಸುಂಕ ಕಟ್ಟಿದರಾಯಿತು.

ದೊಡ್ಡ ಕಂಪನಿಗಳು ಇದನ್ನೆಲ್ಲ ನಿಭಾಯಿಸುತ್ತವೆ, ಕಸ್ಟಮ್ಸ್‌ಗೆಂದೇ ಒಂದು ವಿಭಾಗ ಇಟ್ಟಿರುತ್ತವೆ. ಏಟು ಬೀಳುವುದು ಎರಡನೆಯ ಸಾಲಿನ ಸರಬರಾಜುದಾರನಿಗೆ. ಹೊಸೂರಿನಲ್ಲೋ ಪೀಣ್ಯದಲ್ಲೋ ಫೋನಿನ ಹಿಂಬದಿ ಕವರ್ ಅಚ್ಚು ಹಾಕುವ ಸಣ್ಣ ಘಟಕವೊಂದನ್ನು ತೆಗೆದುಕೊಳ್ಳಿ. ಅದು ಪಾಲಿಕಾರ್ಬೊನೇಟ್ ಹರಳನ್ನು ಸುಂಕ ಕಟ್ಟಿ ತರಿಸುತ್ತದೆ, ಅಚ್ಚಿನ ಉಕ್ಕಿಗೂ ಕಟ್ಟುತ್ತದೆ. ಆ ಸುಂಕವೆಲ್ಲ ಕವರಿನ ಬೆಲೆಯೊಳಗೆ ಸೇರಿಹೋಗಿದೆ. ರಫ್ತು ಮಾಡುವ ಜೋಡಣೆ ಕಾರ್ಖಾನೆಗಾದರೆ ಮೇಲಿನ ದಾರಿಗಳಲ್ಲಿ ಅದೇ ಕವರ್ ಚೀನಾದ ಷೆನ್‌ಝೆನ್‌ನಿಂದ ಸುಂಕವಿಲ್ಲದೆ ಸಿಗುತ್ತದೆ. ಯಾರಿಂದ ಕೊಳ್ಳುತ್ತಾನೆ? ಸ್ಥಳೀಯನಿಗೂ ಅನುಕೂಲ ವರ್ಗಾಯಿಸಲು ಇನ್‌ವ್ಯಾಲಿಡೇಶನ್ ಪತ್ರ (ಆಮದಿನ ಬದಲು ಇಲ್ಲಿಂದಲೇ ಕೊಳ್ಳಲು ಅನುಮತಿ), ಡೀಮ್ಡ್ ಎಕ್ಸ್‌ಪೋರ್ಟ್ (ಆ ಮಾರಾಟವನ್ನೂ ರಫ್ತೆಂದೇ ಎಣಿಸುವುದು) ಎಂಬ ವ್ಯವಸ್ಥೆಗಳಿವೆ, ನಿಜ. 20 ಜನರ ಘಟಕಕ್ಕೆ ಆ ಕಡತ ಓಡಿಸುವ ಶಕ್ತಿ ಇರುವುದಿಲ್ಲ. ಸುಂಕ ಹೆಚ್ಚಿಟ್ಟು ರಫ್ತುದಾರನಿಗೆ ಮಾತ್ರ ವಾಪಸ್ ಕೊಡುವ ಪದ್ಧತಿ ಕೊನೆಗೆ ಸ್ಥಳೀಯ ಬಿಡಿಭಾಗದವನನ್ನೇ ಹೊರಗಿಡುತ್ತದೆ. ಹಾಗಾಗಿ ಬಿಡಿಭಾಗದ ಬಿಡಿಭಾಗಕ್ಕೆ ಸೊನ್ನೆ ಸುಂಕ ಇರಬೇಕು ಎಂಬ ವಾದ ಗಟ್ಟಿಯಾಯಿತು. 2023ರಲ್ಲಿ ಕ್ಯಾಮೆರಾ ಲೆನ್ಸ್, 2025ರ ಬಜೆಟ್‌ನಲ್ಲಿ ಪಿಸಿಬಿಎ, ಕ್ಯಾಮೆರಾ ಮಾಡ್ಯೂಲ್, ಕನೆಕ್ಟರ್, ಯುಎಸ್‌ಬಿ ಕೇಬಲ್ ತಯಾರಿಸಲು ಬೇಕಾದ ಒಳಸಾಮಗ್ರಿಗಳ ಶೇ 2.5 ಸುಂಕ ಸೊನ್ನೆಯಾದದ್ದು ಇದೇ ತರ್ಕದಿಂದ.

ಇನ್ನು ಫೋನಿನ ಮೇಲಿನ ಶೇ 20. ಭಾರತದಲ್ಲಿ ವರ್ಷಕ್ಕೆ ಮಾರಾಟವಾಗುವ ಸ್ಮಾರ್ಟ್‌ಫೋನ್ ಸುಮಾರು 15 ಕೋಟಿ, ಜಗತ್ತಿನಲ್ಲಿ 120 ಕೋಟಿಗೂ ಹೆಚ್ಚು. ಸರ್ಕಾರದ ಲೆಕ್ಕದಂತೆ ಇಲ್ಲಿ ಬಳಕೆಯಾಗುವ ಫೋನುಗಳಲ್ಲಿ ಶೇ 99 ಇಲ್ಲೇ ಜೋಡಣೆಯಾಗುತ್ತವೆ. ತಡೆಯಲು ಆಮದೇ ಉಳಿದಿಲ್ಲದಿದ್ದಾಗ ತಡೆಗೋಡೆಯ ಎತ್ತರ 15 ಇದ್ದರೇನು, 20 ಇದ್ದರೇನು? ಬೆಳೆಯಬೇಕಾದರೆ ರಫ್ತೇ ಗತಿ. ಸ್ಮಾರ್ಟ್‌ಫೋನ್ ರಫ್ತು 2022–23ರಲ್ಲಿ ಸುಮಾರು 1,100 ಕೋಟಿ ಡಾಲರ್ ಇದ್ದದ್ದು 2024–25ರಲ್ಲಿ 2,400 ಕೋಟಿ ಡಾಲರ್ ದಾಟಿತು.

ರಫ್ತಿಗೆ ನೇರ ಸಬ್ಸಿಡಿ ಕೊಡುವ ಹಾಗಿಲ್ಲ. ಅಮೆರಿಕ ಹೂಡಿದ ದಾವೆಯಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ 2019ರ ಅಕ್ಟೋಬರ್‌ನಲ್ಲಿ ನಮ್ಮ ರಫ್ತು ಯೋಜನೆಗಳ ವಿರುದ್ಧ ತೀರ್ಪು ಕೊಟ್ಟಿತ್ತು. ಹಾಗಾಗಿ 2020ರ ಏಪ್ರಿಲ್‌ನಲ್ಲಿ ಬಂದ ಪಿಎಲ್‌ಐ (ಉತ್ಪಾದನೆ ಆಧಾರಿತ ಪ್ರೋತ್ಸಾಹಧನ) ಯೋಜನೆ ರಫ್ತನ್ನು ಹೆಸರಿಸದೆ ಹೆಚ್ಚುವರಿ ಮಾರಾಟದ ಮೇಲೆ ಶೇ 4ರಿಂದ 6 ಕೊಟ್ಟಿತು. ವಿದೇಶಿ ಕಂಪನಿಗಳಿಗೆ 15,000 ರೂಪಾಯಿಗೆ ಮೇಲ್ಪಟ್ಟ ಫೋನು ಮಾತ್ರ ಲೆಕ್ಕಕ್ಕೆ. ಮತ್ತೆ ನಮ್ಮ ಲೆಕ್ಕಕ್ಕೆ ಬನ್ನಿ: ಜೋಡಿಸುವವನು ದೇಶೀ ಕಂಪನಿ ಎಂದುಕೊಂಡರೆ 10,000ದ ಮೇಲೆ ಶೇ 6 ಅಂದರೆ 600. 850ರ ನಷ್ಟದಲ್ಲಿ ಬಹುಪಾಲು ಇದರಲ್ಲೇ ತುಂಬುತ್ತದೆ. ಒಂದು ಕೈಯಲ್ಲಿ ಸುಂಕ ವಸೂಲಿ, ಇನ್ನೊಂದು ಕೈಯಲ್ಲಿ ಪ್ರೋತ್ಸಾಹಧನ! ನನ್ನ ತಕರಾರು ಏನೆಂದರೆ, ಹಣ ಮಾರಾಟದ ಮೇಲೆ ಬಂತೇ ಹೊರತು ಇಲ್ಲಿ ಆದ ಮೌಲ್ಯವರ್ಧನೆಯ ಮೇಲೆ ಬರಲಿಲ್ಲ. ಬಿಡಿಭಾಗ ಯಾರಿಂದ ಕೊಂಡರೂ ಜೋಡಿಸುವವನಿಗೆ ಸಿಗುವುದು ಅಷ್ಟೇ. 2025ರ ಮಾರ್ಚ್‌ನಲ್ಲಿ 22,919 ಕೋಟಿ ರೂಪಾಯಿಯ ಬಿಡಿಭಾಗ ತಯಾರಿಕಾ ಯೋಜನೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಐದು ವರ್ಷ ಮುಂಚೆ ಬಂದಿದ್ದರೆ ಒಳ್ಳೆಯದಿತ್ತು.

ಸುಂಕಕ್ಕೆ ಕಾನೂನಿನ ಅಡ್ಡಿಯೂ ಇತ್ತು. ಫೋನಿನ ಸುಂಕ ಹಳೆಯ ಮಾಹಿತಿ ತಂತ್ರಜ್ಞಾನ ಒಪ್ಪಂದದ ಉಲ್ಲಂಘನೆ ಎಂದು ಐರೋಪ್ಯ ಒಕ್ಕೂಟ, ಜಪಾನ್, ತೈವಾನ್ ವಿಶ್ವ ವ್ಯಾಪಾರ ಸಂಸ್ಥೆಗೆ ದೂರಿದವು. 1990ರ ದಶಕದ ಒಪ್ಪಂದಕ್ಕೆ ಇಂದಿನ ಸ್ಮಾರ್ಟ್‌ಫೋನ್ ಸೇರುವುದಿಲ್ಲ ಎಂದು ಭಾರತ ವಾದಿಸಿತು. 2023ರ ಏಪ್ರಿಲ್‌ನಲ್ಲಿ ಸಮಿತಿ ಅದನ್ನು ಒಪ್ಪಲಿಲ್ಲ. ಭಾರತ ಮೇಲ್ಮನವಿ ಹಾಕಿತು; ಮೇಲ್ಮನವಿ ಮಂಡಳಿಯಲ್ಲಿ ಸದಸ್ಯರೇ ಇಲ್ಲ, ಹಾಗಾಗಿ ವಿಷಯ ಅಲ್ಲೇ ತೂಗಾಡುತ್ತಿದೆ. ಲ್ಯಾಪ್‌ಟಾಪ್ ವಿಷಯದಲ್ಲಿ ವಾದಕ್ಕೂ ಜಾಗವಿರಲಿಲ್ಲ, ಅದು ಸೊನ್ನೆ ಸುಂಕದ ಪಟ್ಟಿಯಲ್ಲಿ ಸ್ಪಷ್ಟವಾಗಿತ್ತು. ಅದಕ್ಕೇ 2023ರ ಆಗಸ್ಟ್ 3ರಂದು ದಿಢೀರನೆ ಆಮದು ಪರವಾನಗಿ ಬಂತು. ಮರುದಿನವೇ ಅದನ್ನು ಅಕ್ಟೋಬರ್ ಕೊನೆಯವರೆಗೆ ಮುಂದೂಡಿದರು, ಕೊನೆಗೆ ಆನ್‌ಲೈನ್‌ನಲ್ಲಿ ನೋಂದಾಯಿಸಿ ಅನುಮತಿ ಪಡೆಯುವ ವ್ಯವಸ್ಥೆಯಾಗಿ ತೆಳುವಾಯಿತು. ಬೆಂಗಳೂರಿನಂಥ ಊರಿನ ಕಂಪನಿಗಳಿಗೆ ಲ್ಯಾಪ್‌ಟಾಪ್, ಸರ್ವರ್ ಎಂದರೆ ಸೇವಾ ರಫ್ತಿನ ಕಚ್ಚಾವಸ್ತು. ಅದನ್ನು ಬಿಗಿಹಿಡಿದು ಬಹಳ ದಿನ ನಿಲ್ಲಲಾಗದು.

ಇದು ನಮ್ಮೊಬ್ಬರ ಪಾಡಲ್ಲ. 2019ರಲ್ಲಿ ಅಮೆರಿಕ ಚೀನಾದ ಸರಕಿನ ಮೇಲೆ ಒಂದಾದ ಮೇಲೊಂದು ಸುಂಕ ಹಾಕುತ್ತ ಬಂದು, ಫೋನ್-ಲ್ಯಾಪ್‌ಟಾಪ್ ಇದ್ದ ಕೊನೆಯ ಪಟ್ಟಿಯನ್ನು ಜಾರಿಗೆ ಮುನ್ನವೇ ತಡೆಹಿಡಿಯಿತು. 2025ರ ಏಪ್ರಿಲ್ 2ರಂದು ಘೋಷಿಸಿದ ಪ್ರತಿಸುಂಕದಿಂದಲೂ ಹತ್ತೇ ದಿನದಲ್ಲಿ ಸ್ಮಾರ್ಟ್‌ಫೋನ್, ಕಂಪ್ಯೂಟರ್‌ಗೆ ವಿನಾಯಿತಿ ಬಂತು. ಆಗಸ್ಟ್‌ನಲ್ಲಿ ಭಾರತದ ಸರಕಿಗೆ ಒಟ್ಟು ಶೇ 50 ಸುಂಕ ಬಿದ್ದಾಗಲೂ ಫೋನ್ ಪಾರಾಯಿತು. ಎಲ್ಲೇ ಜೋಡಣೆಯಾದರೂ ಐಫೋನಿನ ವಿನ್ಯಾಸ, ಬ್ರ್ಯಾಂಡ್, ಲಾಭದ ದೊಡ್ಡ ಪಾಲು ಅಮೆರಿಕದ್ದೇ. ತಮ್ಮ ಕಂಪನಿಗೆ ತಾವೇ ಬರೆ ಹಾಕಿಕೊಳ್ಳಲು ಅವರೂ ತಯಾರಿಲ್ಲ. ಚೀನಾದ ಫೋನಿಗೆ ಆಗ ಬೇರೆ ಕಾರಣಕ್ಕೆ ಹಾಕಿದ ಶೇ 20 ಉಳಿದುಕೊಂಡಿತ್ತು, ನಮ್ಮದಕ್ಕೆ ಸೊನ್ನೆ. ಮಾರುಕಟ್ಟೆ ಸಂಶೋಧನಾ ಸಂಸ್ಥೆ ಕ್ಯಾನಲಿಸ್ ಅಂದಾಜಿನಂತೆ 2025ರ ಏಪ್ರಿಲ್–ಜೂನ್‌ನಲ್ಲಿ ಅಮೆರಿಕಕ್ಕೆ ಹೋದ ಸ್ಮಾರ್ಟ್‌ಫೋನುಗಳಲ್ಲಿ ಶೇ 44 ಭಾರತದ್ದು.

ಆ ಶೇ 44ರಲ್ಲಿ ನಮ್ಮ ಪಾಲೆಷ್ಟು ಎಂಬುದೇ ಬೇರೆ ವಿಷಯ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಂಶೋಧನಾ ಸಂಸ್ಥೆಯ 2010ರ ಅಧ್ಯಯನದಲ್ಲಿ ಐಫೋನ್ 3ಜಿಯ ತಯಾರಿಕಾ ವೆಚ್ಚ 178.96 ಡಾಲರ್, ಅದರಲ್ಲಿ ಚೀನಾದ ಜೋಡಣೆಯ ಪಾಲು 6.50 ಡಾಲರ್. ಕಸ್ಟಮ್ಸ್ ದಾಖಲೆಯಲ್ಲಿ ಮಾತ್ರ ಇಡೀ ಫೋನ್ ಚೀನಾದ ರಫ್ತು. 2023ರಲ್ಲಿ ರಿಸರ್ವ್ ಬ್ಯಾಂಕಿನ ಮಾಜಿ ಗವರ್ನರ್ ರಘುರಾಮ್ ರಾಜನ್ ಮತ್ತು ಸಹಲೇಖಕರು ಬಿಡಿಭಾಗದ ಆಮದನ್ನೂ ಕಳೆದು ನೋಡಿದರೆ ನಮ್ಮ ಫೋನ್ ವ್ಯಾಪಾರ ಇನ್ನೂ ಕೊರತೆಯಲ್ಲೇ ಇದೆ ಎಂದಾಗ ಸರ್ಕಾರ ಕೆರಳಿತು. ಆ ಚಿಪ್, ಪರದೆ, ಬ್ಯಾಟರಿಗಳೆಲ್ಲ ಫೋನಿಗೇ ಹೋಗುವುದಿಲ್ಲ ಎಂಬುದು ಸರ್ಕಾರದ ಉತ್ತರ. ಈ ಆಕ್ಷೇಪ ಸರಿಯಾದದ್ದೇ. ಸುಂಕದ ಕೋಡ್‌ಗಳು ಒಂದು ಚಿಪ್ ಟಿವಿಗೆ ಹೋಯಿತೋ ಫೋನಿಗೆ ಹೋಯಿತೋ ಎಂದು ಹೇಳುವುದಿಲ್ಲ. ಆದರೆ ರಫ್ತಿನ ಪೂರ್ತಿ ಮೊತ್ತ ಹೇಳಿ ಚಪ್ಪಾಳೆ ಗಿಟ್ಟಿಸುವುದೂ ಸರಿಯಲ್ಲ.

ಸುಂಕದಾಚೆಗಿನ ನಿಯಮಗಳೂ ಈಗ ವ್ಯಾಪಾರ ನೀತಿಯೇ. ಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಮುಂಗಡ ಅನುಮತಿ ಬೇಕೆಂಬ 2020ರ ಪ್ರೆಸ್ ನೋಟ್ 3, ಚೀನಾದ ಬಿಡಿಭಾಗ ಕಂಪನಿಗಳು ಇಲ್ಲಿ ಕಾರ್ಖಾನೆ ತೆರೆಯುವುದಕ್ಕೆ ತಡೆಯಾಯಿತು. ಅವರಿಂದ ಆಮದು ಮಾಡುವುದಕ್ಕಿಂತ ಹೂಡಿಕೆ ತರಿಸುವುದು ಲೇಸಾಗಬಹುದು ಎಂದು 2024ರ ಜುಲೈನ ಆರ್ಥಿಕ ಸಮೀಕ್ಷೆಯೇ ಬರೆಯಿತು. ರಾಜ್ಯಗಳೂ ಇದರೊಳಗೆ ಬಂದಿವೆ. ಐಫೋನ್ ಜೋಡಣೆ ದೇಶದಲ್ಲಿ ಮೊದಲು ಶುರುವಾದದ್ದು 2017ರಲ್ಲಿ ಪೀಣ್ಯದಲ್ಲಿ. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಂಪನಿಯ ಘಟಕವನ್ನು 2023ರಲ್ಲಿ ಟಾಟಾ ಕೊಂಡಿತು. ದೇವನಹಳ್ಳಿ ಬಳಿ ಫಾಕ್ಸ್‌ಕಾನ್ ಬಂತು. ಇದೇ ಹೊತ್ತಿಗೆ, 2023ರ ಫೆಬ್ರುವರಿಯಲ್ಲಿ, ಕರ್ನಾಟಕ ತನ್ನ ಕಾರ್ಖಾನೆ ಕಾಯ್ದೆ ತಿದ್ದಿ ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗಿನ ಪಾಳಿ, ಷರತ್ತಿನೊಂದಿಗೆ ಮಹಿಳೆಯರಿಗೆ ರಾತ್ರಿ ಪಾಳಿ, ಮೂರು ತಿಂಗಳಿಗೆ 75ರ ಬದಲು 145 ಗಂಟೆ ಓವರ್‌ಟೈಮ್ ಎಂದಿತು. ಸರಪಳಿಯಲ್ಲಿ ಸ್ಥಾನ ಪಡೆಯಲು ಕೊಟ್ಟ ಬೆಲೆಯಲ್ಲಿ ಇದನ್ನೂ ಸೇರಿಸಬೇಕು, ಇದು ಯಾವ ಸುಂಕದ ಪಟ್ಟಿಯಲ್ಲೂ ಕಾಣುವುದಿಲ್ಲ.

ಕೊನೆಗೆ, ಅಗ್ಗವಾಗುತ್ತದೆಯೇ ಎಂಬ ನಿಮ್ಮ ಪ್ರಶ್ನೆ. 2024ರ ಜುಲೈನಲ್ಲಿ ಸುಂಕ ಇಳಿದ ಬೆನ್ನಿಗೆ ಆಪಲ್ ಐಫೋನ್ ಪ್ರೊ ಮಾದರಿಗಳ ಬೆಲೆಯನ್ನು 5,100ರಿಂದ 6,000 ರೂಪಾಯಿ ಇಳಿಸಿತು, ಯಾಕೆಂದರೆ ಅವು ಆಗ ಹೊರಗಿನಿಂದ ಬರುತ್ತಿದ್ದವು. ಇಲ್ಲೇ ಜೋಡಣೆಯಾಗುತ್ತಿದ್ದ ಐಫೋನ್ 13, 14, 15ಕ್ಕೆ ಇಳಿದದ್ದು 300 ರೂಪಾಯಿ. ನೀವು ಕೊಳ್ಳುವುದು 15,000ದ ಫೋನಾದರೆ ಬಿಡಿಭಾಗದ ಸುಂಕ ಇಳಿಕೆ ಒಂದಿಷ್ಟು ನೆರವಾಗಬಹುದು, ಆದರೆ ಮೆಮೊರಿ ಚಿಪ್ ಬೆಲೆಯೋ ಡಾಲರೋ ಏರಿದರೆ ಅದು ಅಲ್ಲೇ ಕರಗುತ್ತದೆ. ಆ 15,000ದಲ್ಲಿ ಶೇ 18ರ ಜಿಎಸ್‌ಟಿಯೇ ಸುಮಾರು 2,290 ರೂಪಾಯಿ, ಫೋನ್ ಎಲ್ಲಿ ತಯಾರಾಗಿದ್ದರೂ.